ಓದುಗರ ಪ್ರಶ್ನೋತ್ತರ: ಐಟಿ ಕಂಪನಿ ಗೊತ್ತು ಮಾಡುವ ಮುನ್ನ

ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪೇಚಿನವು. ಸಾಫ್ಟ್‌ವೇರ್, ವೆಬ್‌ಸೈಟ್, ಸರ್ವರ್ ನೋಡಿಕೊಳ್ಳಲು ಯಾವ ಕಂಪನಿಯನ್ನು ನಂಬಬೇಕು ಎಂಬುದು. ಬರೆದವರ ಹೆಸರು ಬಿಟ್ಟು ಊರು, ಉದ್ಯೋಗ ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಉದ್ಯಮಬಾಗದಲ್ಲಿ ನಮ್ಮದು ಸಣ್ಣ ಫೌಂಡ್ರಿ, 45 ಕೆಲಸಗಾರರು. ಎರಕ ನಮ್ಮಲ್ಲೇ, ಮಷಿನಿಂಗ್ ಹೊರಗೆ ಜಾಬ್‌ವರ್ಕಿಗೆ. ಸ್ಟಾಕ್, ಜಾಬ್‌ವರ್ಕ್, ಬಿಲ್ಲಿಂಗ್ ಒಂದೇ ಕಡೆ ಬರಲೆಂದು ಮೂರು ಕೊಟೇಶನ್ ತರಿಸಿದೆವು: 2.4 ಲಕ್ಷ, 5 ಲಕ್ಷ, 11 ಲಕ್ಷ. ಮೂವರೂ ‘ಎಲ್ಲಾ ಬರ್ತದ’ ಅನ್ನುತ್ತಾರೆ. ಯಾರಿಗೆ ಕೊಡೋಣ? (ಬೆಳಗಾವಿ)

ಉತ್ತರ: ಸದ್ಯ ಯಾರಿಗೂ ಕೊಡಬೇಡಿ. ನಿಮಗೆ ಏನು ಬೇಕೆಂದು ನೀವು ಬರೆದು ಕೊಟ್ಟಿಲ್ಲವಾದ್ದರಿಂದ ಮೂವರೂ ಮೂರು ಬೇರೆ ಸಾಮಾನಿಗೆ ದರ ಹೇಳಿದ್ದಾರೆ. ಮೊದಲು ಎರಡು ಪುಟದಷ್ಟು ನೀವೇ ಬರೆಯಿರಿ. ಸಾಫ್ಟ್‌ವೇರಿನ ಭಾಷೆ ಬೇಕಿಲ್ಲ. ಪ್ಯಾಟರ್ನ್ (ಎರಕದ ಅಚ್ಚಿನ ಮಾದರಿ) ಬಂದಲ್ಲಿಂದ ಹಿಡಿದು ಮಾಲು ಗಾಡಿ ಹತ್ತುವವರೆಗೆ ಯಾವ ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ತೂಕ ಹಿಡಿಯುತ್ತೀರಿ, ಎಲ್ಲಿ ನಗ ಎಣಿಸುತ್ತೀರಿ, ಅಷ್ಟೇ. ಅದನ್ನು ಮೂವರಿಗೂ ಕೊಟ್ಟು ಹೊಸ ದರ ಕೇಳಿ.

ಆಮೇಲೆ ಡೆಮೊ. ಅವರು ತಂದ ಡೆಮೊ ಡೇಟಾ ನೋಡಿ ಮರುಳಾಗಬೇಡಿ, ಅದರಲ್ಲಿ ಯಾವ ಮಾಲೂ ರಿಜೆಕ್ಟ್ ಆಗುವುದಿಲ್ಲ. ನಿಮ್ಮದೇ ಒಂದು ಲೆಕ್ಕ ಕೊಟ್ಟು ಎದುರಿಗೇ ಮಾಡಿಸಿ. ಉದಾಹರಣೆಗೆ: ಒಂದೇ ಹೀಟ್ ನಂಬರಿನ (ಒಂದು ಸಲ ಕರಗಿಸಿದ ಲೋಹಕ್ಕೆ ಕೊಡುವ ಸಂಖ್ಯೆ) 120 ಎರಕ, ತಲಾ 8.5 ಕೆಜಿ, ಒಟ್ಟು 1,020 ಕೆಜಿ ಜಾಬ್‌ವರ್ಕಿಗೆ ಹೋಯಿತು. ಮರಳಿ ಬಂದದ್ದು 114 ಒಳ್ಳೆಯ ನಗ, ತಲಾ 7.2 ಕೆಜಿ. ನಾಲ್ಕರಲ್ಲಿ ಮಷಿನಿಂಗ್ ಮಾಡುವಾಗ ಬ್ಲೋಹೋಲ್ (ಎರಕದೊಳಗಿನ ಗಾಳಿ ರಂಧ್ರ) ಕಂಡಿದೆ, ಅದು ನಿಮ್ಮ ತಪ್ಪು. ಎರಡು ಟೂಲ್ ತಪ್ಪಿ ಹಾಳಾಗಿವೆ, ಅದು ಜಾಬ್‌ವರ್ಕಿನವರದು. ಉಳಿದದ್ದು ಬರ್, ಎಂದರೆ ಮಷಿನಿಂಗ್‌ನಲ್ಲಿ ಉದುರಿದ ಲೋಹದ ಚೂರು, ಅದು ಅವರಲ್ಲೇ ಉಳಿದಿದೆ. ಈಗ ಕೇಳಿ: ನಾಲ್ಕು ನಗ ಮರಳಿ ಕುಲುಮೆಗೆ ಹೋದಾಗ ಕಚ್ಚಾ ಮಾಲಿನ ಸ್ಟಾಕ್ ಏರುತ್ತದೆಯೇ? ಎರಡು ನಗದ ಡೆಬಿಟ್ ನೋಟ್ ತಾನಾಗಿ ಬರುತ್ತದೆಯೇ? ಬರ್ ಎಷ್ಟು ಬಾಕಿ ಎಂದು ತೋರಿಸುತ್ತದೆಯೇ? ಆರು ತಿಂಗಳ ಬಳಿಕ ಗಿರಾಕಿ ಒಂದು ನಗ ಹಿಡಿದು ಬಂದರೆ ಅದು ಯಾವ ಹೀಟಿನದು, ಆ ದಿನದ ರಾಸಾಯನಿಕ ಪರೀಕ್ಷೆಯ ಫಲ ಏನಿತ್ತು ಎಂದು ಎರಡು ನಿಮಿಷದಲ್ಲಿ ಸಿಗುತ್ತದೆಯೇ? ಬಹುತೇಕ ಸಿದ್ಧ ಸಾಫ್ಟ್‌ವೇರ್‌ಗಳು ಎಡವುವುದು ಇಲ್ಲೇ. ಒಂದೇ ಮಾಲನ್ನು ಕೆಜಿಯಲ್ಲೂ ನಗದಲ್ಲೂ ಹಿಡಿಯಲು ಅವುಗಳಿಗೆ ಬರುವುದಿಲ್ಲ.

ಜಾಬ್‌ವರ್ಕ್ ಚಲನ್‌ನ ಬಾಕಿ ಪಟ್ಟಿಯನ್ನು ತಾರೀಖಿನ ಪ್ರಕಾರ ತೋರಿಸಲು ಹೇಳಿ. ಜಿಎಸ್‌ಟಿ ಪ್ರಕಾರ ಜಾಬ್‌ವರ್ಕಿಗೆ ಹೋದ ಮಾಲು 1 ವರ್ಷದೊಳಗೆ ಮರಳಬೇಕು. ಇಲ್ಲದಿದ್ದರೆ ಕಳಿಸಿದ ದಿನವೇ ಮಾರಾಟವಾಯಿತು ಎಂದು ಹಿಡಿದು ತೆರಿಗೆ ಬೀಳುತ್ತದೆ. ವಹಿವಾಟು 5 ಕೋಟಿ ದಾಟಿದ್ದರೆ ಜಾಬ್‌ವರ್ಕ್ ವಿವರದ ಫಾರ್ಮ್ ಐಟಿಸಿ-04 ಆರು ತಿಂಗಳಿಗೊಮ್ಮೆ, ಇಲ್ಲವಾದರೆ ವರ್ಷಕ್ಕೊಮ್ಮೆ. 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲಿನಲ್ಲಿ ದಾಖಲಿಸುವ ಬಿಲ್) ಕಡ್ಡಾಯ. 10 ಕೋಟಿ ಮತ್ತು ಮೇಲ್ಪಟ್ಟವರು 2025ರ ಏಪ್ರಿಲ್ 1ರಿಂದ ಬಿಲ್ಲಿನ ತಾರೀಖಿನಿಂದ 30 ದಿನದೊಳಗೆ ಪೋರ್ಟಲಿಗೆ ಏರಿಸಲೇಬೇಕು. ಇವು ದರದಲ್ಲೇ ಸೇರಿವೆಯೋ, ಬೇರೆ ಮಾಡ್ಯೂಲ್ ಎಂದು ಹಣ ಕೇಳುತ್ತಾರೋ ಬರೆಸಿಕೊಳ್ಳಿ.

ದರವನ್ನು ಐದು ವರ್ಷಕ್ಕೆ ಹರಡಿ ನೋಡಿ. 2.4 ಲಕ್ಷದವರು ಪ್ರತಿ ಬಳಕೆದಾರರಿಗೆ ವರ್ಷಕ್ಕೆ 12,000 ಕೇಳಿದರೆ, 10 ಜನಕ್ಕೆ ಐದು ವರ್ಷದಲ್ಲಿ 6 ಲಕ್ಷ, ಒಟ್ಟು 8.4 ಲಕ್ಷ. 5 ಲಕ್ಷದವರು ಎರಡನೇ ವರ್ಷದಿಂದ ಶೇ 18ರ ಎಎಂಸಿ (ವಾರ್ಷಿಕ ನಿರ್ವಹಣೆ ಶುಲ್ಕ) ಹಾಕಿದರೆ ನಾಲ್ಕು ವರ್ಷಕ್ಕೆ 3.6 ಲಕ್ಷ, ಒಟ್ಟು 8.6 ಲಕ್ಷ. ಕೊಟೇಶನ್ನಿನಲ್ಲಿ ಅರ್ಧಕ್ಕರ್ಧ ಕಾಣುವ ಅಂತರ ಕೊನೆಗೆ ಇಪ್ಪತ್ತು ಸಾವಿರಕ್ಕೆ ಬಂದು ನಿಲ್ಲುತ್ತದೆ.

ಹಣ ಒಮ್ಮೆಲೇ ಕೊಡಬೇಡಿ. ಆರ್ಡರಿಗೆ ಶೇ 20, ನಿಮ್ಮ ಮಾಸ್ಟರ್ ಡೇಟಾ (ಮಾಲು, ಗಿರಾಕಿಗಳ ಮೂಲ ಪಟ್ಟಿ) ಏರಿಸಿ ತೋರಿಸಿದ ಮೇಲೆ 30, ಕೆಲಸ ಶುರುವಾದಾಗ 30. ಕೊನೆಯ 20ನ್ನು ಎರಡು ತಿಂಗಳು ಹಳೆಯ ಲೆಕ್ಕದ ಜೊತೆ ಸಮಾನಾಂತರವಾಗಿ ನಡೆಸಿ, ಎರಡೂ ತಿಂಗಳ ಕೊನೆಯ ಸ್ಟಾಕ್ ತಾಳೆಯಾದ ಮೇಲೇ ಕೊಡಿ. ಮಾರ್ಚ್‌ನಲ್ಲಿ ಮಾತ್ರ ಹೊಸ ಸಾಫ್ಟ್‌ವೇರ್ ಶುರು ಮಾಡಲೇಬೇಡಿ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ನಿಮ್ಮ ಅಕೌಂಟೆಂಟ್ ಎರಡೆರಡು ಕಡೆ ಎಂಟ್ರಿ ಹಾಕುವುದಿಲ್ಲ, ತಾಳೆಯೂ ಆಗುವುದಿಲ್ಲ.

ಪ್ರಶ್ನೆ: ಇಳಕಲ್ ಸೀರೆಯ ಸಗಟು ವ್ಯಾಪಾರ ನಮ್ಮದು. ವೆಬ್‌ಸೈಟ್ ಮಾಡಿಕೊಟ್ಟವರು ಎಂಟು ತಿಂಗಳಿಂದ ಫೋನ್ ಎತ್ತುತ್ತಿಲ್ಲ. ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ಅವರ ಹೆಸರಿನಲ್ಲಿದೆಯಂತೆ. ಹೊಸ ಕಂಪನಿಯವರು ‘ಹೊಸ ಹೆಸರು ತಗೊಳ್ಳಿ’ ಅನ್ನುತ್ತಾರೆ. (ಬಾಗಲಕೋಟೆ ಜಿಲ್ಲೆ)

ಉತ್ತರ: ಅಷ್ಟು ಬೇಗ ಹೆಸರು ಬಿಡಬೇಡಿ. ಗಿರಾಕಿಗಳ ಬಾಯಲ್ಲಿರುವ ಹೆಸರು ಅದು. ಮೊದಲು ಡೊಮೇನ್ ನೋಂದಣಿಯ ವಿವರ ತೋರಿಸುವ ‘ಹೂ-ಇಸ್’ ಹುಡುಕಾಟದಲ್ಲಿ ಡೊಮೇನ್ ಹಾಕಿ ನೋಡಿ. ಮಾಲೀಕರ ವಿವರ ಮುಚ್ಚಿದ್ದರೂ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಯಾರು, ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಕಾಣುತ್ತದೆ. ಆ ತಾರೀಖೇ ನಿಮ್ಮ ಗಡಿಯಾರ. ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ ಕೆಲವು ವಾರ ನವೀಕರಣಕ್ಕೆ ಅವಕಾಶವಿದ್ದರೂ ದರ ಹಲವು ಪಟ್ಟು ಏರುತ್ತದೆ.

ಅವತ್ತೇ ಸೈಟಿನ ಪುಟ, ಫೋಟೊಗಳನ್ನೆಲ್ಲ ಇಳಿಸಿಕೊಳ್ಳಿ. ಆ ಡೊಮೇನಿನ ಇಮೇಲ್ ಇನ್ನೂ ತೆರೆಯುತ್ತಿದ್ದರೆ ಐಮ್ಯಾಪ್ (ಸರ್ವರಿನ ಇಮೇಲನ್ನು ಕಂಪ್ಯೂಟರಿಗೆ ಜೋಡಿಸುವ ವಿಧಾನ) ಮೂಲಕ ಥಂಡರ್‌ಬರ್ಡ್‌ನಂಥ ಇಮೇಲ್ ಪ್ರೋಗ್ರಾಮಿಗೆ ಎಲ್ಲ ಪತ್ರ ತರಿಸಿ, ಲೋಕಲ್ ಫೋಲ್ಡರಿಗೆ ನಕಲು ಮಾಡಿ. ಬರೀ ಐಮ್ಯಾಪ್‌ನಲ್ಲಿ ಬಿಟ್ಟರೆ ಸರ್ವರಿನಲ್ಲಿ ಅಳಿಸಿದ್ದು ನಿಮ್ಮಲ್ಲೂ ಅಳಿಯುತ್ತದೆ. ಬಳಿಕ ಡೊಮೇನ್ ಶುಲ್ಕ ಕೊಟ್ಟ ಹಳೆಯ ಬಿಲ್, ಬ್ಯಾಂಕ್ ವಿವರ, ಜಿಎಸ್‌ಟಿ ಪ್ರಮಾಣಪತ್ರ, ಟ್ರೇಡ್‌ಮಾರ್ಕ್ ಇದ್ದರೆ ಅದು, ಎಲ್ಲ ಜೋಡಿಸಿ ಹಳೆಯ ಕಂಪನಿಗೆ ರಿಜಿಸ್ಟರ್ ಅಂಚೆಯಲ್ಲೂ ಇಮೇಲಿನಲ್ಲೂ ಪತ್ರ ಹಾಕಿ. ಕೇಳಬೇಕಾದ್ದು: ಅದೇ ರಿಜಿಸ್ಟ್ರಾರ್‌ನಲ್ಲಿ ನೀವು ತೆರೆದ ಖಾತೆಗೆ ಡೊಮೇನ್ ವರ್ಗಾಯಿಸಿ ಎಂದು. ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಈಗಿನ ರಿಜಿಸ್ಟ್ರಾರ್ ಕೊಡುವ ಗುಪ್ತ ಸಂಕೇತ, ಆಥ್ ಕೋಡ್ ಬೇಕು, ಮಾಲೀಕರ ಹೆಸರು ಬದಲಾದರೆ ಡಾಟ್ ಕಾಮ್‌ಗೆ 60 ದಿನದ ತಡೆಯೂ ಬೀಳಬಹುದು. ಉತ್ತರ ಬರದಿದ್ದರೆ ಅದೇ ಕಾಗದ ರಿಜಿಸ್ಟ್ರಾರ್‌ಗೆ ಕಳಿಸಿ. ಡಾಟ್ ಇನ್ ಆಗಿದ್ದರೆ ಆ ನೋಂದಣಿ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ವಿವಾದ ಪರಿಹಾರ ನೀತಿಯಡಿ ಮಧ್ಯಸ್ಥಿಕೆಗೆ ಹೋಗಬಹುದು. ಟ್ರೇಡ್‌ಮಾರ್ಕ್ ಇದ್ದವರ ಕೈ ಅಲ್ಲಿ ಗಟ್ಟಿ.

ಹೊಸ ಕಂಪನಿ ಬರುವ ಮುನ್ನ ಅಂಗಡಿಯದೇ ಒಂದು ಇಮೇಲ್, ಅಂಗಡಿಯದೇ ಒಂದು ಸಿಮ್ ಮಾಡಿಸಿ. ಮಗನದಲ್ಲ, ಅಕೌಂಟೆಂಟಿನದಲ್ಲ. ಡೊಮೇನ್, ಹೋಸ್ಟಿಂಗ್ (ಸೈಟ್ ಇಡುವ ಜಾಗ), ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಹಣ ಪಡೆಯುವ ಸೇವೆ), ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆ, ಎಸ್‌ಎಂಎಸ್ ಕಳಿಸಲು ಬೇಕಾದ ಡಿಎಲ್‌ಟಿ ನೋಂದಣಿ, ಎಲ್ಲವೂ ಅದರ ಮೇಲೇ ಇರಲಿ. ಗೂಗಲ್ ಮ್ಯಾಪಿನ ಅಂಗಡಿ ಪುಟಕ್ಕೆ ನೀವು ‘ಓನರ್’, ಕಂಪನಿ ‘ಮ್ಯಾನೇಜರ್’. ಟ್ಯಾಲಿ ಲೈಸೆನ್ಸಿನ ಅಡ್ಮಿನಿಸ್ಟ್ರೇಟರ್ ಇಮೇಲ್ ಯಾರದೆಂದು ಇವತ್ತೇ ನೋಡಿ. ಹಾಕಿಕೊಟ್ಟವರದೇ ಇರುವುದು ಸಾಮಾನ್ಯ, ಕಂಪ್ಯೂಟರ್ ಬದಲಿಸುವ ದಿನ ಲೈಸೆನ್ಸ್ ಬಿಡಿಸಿಕೊಳ್ಳಲು ಅವರನ್ನೇ ಹುಡುಕಬೇಕಾಗುತ್ತದೆ. ಇ-ಇನ್‌ವಾಯ್ಸ್ ಪೋರ್ಟಲಿನ ಮೂಲ ಪಾಸ್‌ವರ್ಡ್ ಯಾರಿಗೂ ಕೊಡದೆ ಉಪ-ಬಳಕೆದಾರ ಖಾತೆ ಮಾಡಿಕೊಡಿ. ಈ ಕೀಲಿಗಳು ನಿಮ್ಮ ಕೈಯಲ್ಲಿರಲು ಒಪ್ಪದ ಕಂಪನಿ ಎಷ್ಟೇ ಅಗ್ಗವಾದರೂ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಐಎಸ್ಒ, ಸಿಎಂಎಂಐ ಅಂತ ಗೋಡೆ ತುಂಬ ಸರ್ಟಿಫಿಕೇಟ್ ಹಾಕಿರುತ್ತಾರೆ. ನಂಬಬಹುದೇ? (ಮಚ್ಛೆ, ಬೆಳಗಾವಿ)

ಉತ್ತರ: ಮೂರು ಸಾಲು ಓದಿ ಸಾಕು. ಸ್ಕೋಪ್ (ವ್ಯಾಪ್ತಿ): ನಿಮಗೆ ಬೇಕಾದ ಕೆಲಸ, ನಿಮಗೆ ಕೆಲಸ ಮಾಡುವ ಕಚೇರಿ ಅದರಲ್ಲಿದೆಯೇ? ಆವೃತ್ತಿ: ಮಾಹಿತಿ ಭದ್ರತೆಯ ಐಎಸ್ಒ 27001ರ 2013ರ ಆವೃತ್ತಿಯ ಸರ್ಟಿಫಿಕೇಟುಗಳು 2025ರ ಅಕ್ಟೋಬರ್ 31ಕ್ಕೆ ಮುಗಿದಿವೆ, ಈಗ 2022ರದ್ದೇ ಆಗಬೇಕು. ಅವಧಿ: ಕೆಲಸದ ಕ್ರಮ ಅಳೆಯುವ ಸಿಎಂಎಂಐ ಮೌಲ್ಯಮಾಪನ ಮೂರು ವರ್ಷಕ್ಕಷ್ಟೇ. ಇದಕ್ಕಿಂತ ಹೆಚ್ಚು ಉಪಯೋಗ, ನಿಮ್ಮಂಥದೇ ಉದ್ಯೋಗದ ಮೂವರು ಹಳೆಯ ಗಿರಾಕಿಗಳಿಗೆ ನೀವೇ ಫೋನ್ ಮಾಡುವುದು. ಅವರಲ್ಲಿ ಒಬ್ಬರು ಆ ಕಂಪನಿಯನ್ನು ಬಿಟ್ಟವರಾಗಿರಲಿ. ಬಿಡುವಾಗ ಡೇಟಾ ಕೊಟ್ಟರೋ ಇಲ್ಲವೋ ಎಂಬುದು ಅವರಿಗೇ ಗೊತ್ತು.

ಪ್ರಶ್ನೆ: ನಮ್ಮ ಸೌಹಾರ್ದದಲ್ಲಿ 6,000 ಸದಸ್ಯರು. ಹಳೆಯ ಡೇಟಾ ನುಡಿ ಎಂಬ ಹಳೆಯ ಕನ್ನಡ ಫಾಂಟಿನಲ್ಲಿದೆ. ಹೊಸ ಸಾಫ್ಟ್‌ವೇರಿಗೆ ಹಾಕಿದಾಗ ಕೆಲವು ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಯಾಗಿವೆ, ಕೆಲವು ಸರಿ ಕಂಡರೂ ಹುಡುಕಿದರೆ ಸಿಗುವುದಿಲ್ಲ. ಕಂಪನಿಯವರು ‘ಕನ್ನಡದ್ದು ಹಂಗೇ, ಇಂಗ್ಲಿಷಿನಲ್ಲಿ ಹಾಕಿ’ ಅನ್ನುತ್ತಾರೆ. (ಮುಧೋಳ)

ಉತ್ತರ: ಕನ್ನಡದ್ದು ಹಾಗಲ್ಲ. ಇದು ಕೆಲಸದ ತಪ್ಪು, ಮೂರು ಬೇರೆ ಬೇರೆ ತಪ್ಪು.

ಪ್ರಶ್ನಾರ್ಥಕ ಚಿಹ್ನೆ ಬರುವುದು ಡೇಟಾಬೇಸಿನಲ್ಲಿ ಆ ಕಾಲಮ್ ಕನ್ನಡ ಹಿಡಿಯದ ಬಗೆಯದಾಗಿದ್ದಾಗ. ಎಸ್‌ಕ್ಯೂಎಲ್ ಸರ್ವರ್ ಆದರೆ ವಾರ್‌ಚಾರ್ ಬದಲು ಎನ್‌ವಾರ್‌ಚಾರ್ ಇರಬೇಕು, ಮೈಎಸ್‌ಕ್ಯೂಎಲ್ ಆದರೆ ಯುಟಿಎಫ್8 ಎಂಬಿ4. ಒಮ್ಮೆ ಪ್ರಶ್ನಾರ್ಥಕವಾಗಿ ಉಳಿದ ಹೆಸರು ಮರಳಿ ಬರುವುದಿಲ್ಲ, ಮೂಲ ಅಕ್ಷರ ಅಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಹಳೆಯ ಕಂಪ್ಯೂಟರನ್ನು ಅಳಿಸಲು ಬಿಡಬೇಡಿ. ಕಾಲಮ್ ಬದಲಿಸಿ, ಅಲ್ಲಿಂದ ಮತ್ತೆ ತರಲು ಹೇಳಿ.

ಎರಡನೆಯದು, ಸರಿ ಕಂಡರೂ ಹುಡುಕಿದರೆ ಸಿಗದ್ದು. ಈ ಎರಡು ಹೆಸರು ನೋಡಿ: ಸಂಗಮೇಶ, ಸ೦ಗಮೇಶ. ಮೊದಲನೆಯದರಲ್ಲಿ ಅನುಸ್ವಾರ ಇದೆ, ಎರಡನೆಯದರಲ್ಲಿ ಅದರ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕೂತಿದೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಬೆರಳಚ್ಚಿನವರು ಅವಸರದಲ್ಲಿ ಸೊನ್ನೆ ಒತ್ತುವುದುಂಟು. ಕೂಡಲಸಂಗಮದ ಸುತ್ತಿನ ಸಂಘಗಳಲ್ಲಿ ಈ ಒಂದು ಹೆಸರೇ ಎಷ್ಟು ಖಾತೆಗಳಲ್ಲಿರುತ್ತದೆಂದು ನಿಮಗೆ ಗೊತ್ತಿದೆ. ಹಾಗೆಯೇ ಅರ್ಕಾವತ್ತು: ಸೂರ್ಯಕಾಂತ ಎಂಬುದನ್ನು ಸೂರ‍್ಯಕಾಂತ ಎಂದೂ ಹಾಕಬಹುದು. ಎರಡನೆಯದರಲ್ಲಿ ಕಾಣದ ಒಂದು ಜೋಡಕ ಚಿಹ್ನೆ ಅಡಗಿದೆ. ಪರಿಹಾರ ದೊಡ್ಡದಲ್ಲ. ಅಕ್ಷರಗಳ ನಡುವೆ ಸೊನ್ನೆ ಅಂಕಿ ಬಂದರೆ ಅನುಸ್ವಾರ ಮಾಡುವ, ಜೋಡಕ ಚಿಹ್ನೆ ತೆಗೆದು ಹುಡುಕುವ ನಿಯಮ ಬರೆದರೆ ಆಯಿತು. ಬಲ್ಲವರಿಗೆ ಒಂದೆರಡು ದಿನದ ಕೆಲಸ.

ಮೂರನೆಯದು ನುಡಿಯಿಂದ ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬದಲಿಸುವಾಗ ಆಗುವ ತಪ್ಪು. ಹಳೆಯ ಫಾಂಟಿನಲ್ಲಿ ಒಂದು ಅಕ್ಷರ ಎರಡು ಮೂರು ತುಂಡುಗಳಲ್ಲಿ ಇರುತ್ತದೆ, ಒತ್ತಕ್ಷರ, ದೀರ್ಘ ಜಾರಿಬಿಡುತ್ತವೆ. 6,000 ಹೆಸರನ್ನೂ ಒಮ್ಮೆಲೇ ಬದಲಿಸಬೇಡಿ. ಮೊದಲು 200 ಹೆಸರು ಆರಿಸಿ: ಶ್ರೀಶೈಲ, ಮಲ್ಲಿಕಾರ್ಜುನ, ಕೃಷ್ಣಾಬಾಯಿ, ಈರಣ್ಣ, ಲಕ್ಷ್ಮೀಬಾಯಿಯಂಥ ಒತ್ತಕ್ಷರ, ದೀರ್ಘಗಳಿರುವವು. ಬದಲಿಸಿ, ಕಾಗದಕ್ಕೆ ಪ್ರಿಂಟ್ ತೆಗೆದು, ಸದಸ್ಯರ ಪುಸ್ತಕದ ಜೊತೆ ಇಬ್ಬರು ಕೂತು ಓದಲಿ. ತಪ್ಪಿನ ಬಗೆ ಗೊತ್ತಾದ ಮೇಲೆ ಉಳಿದದ್ದು. ಪಾಸ್‌ಬುಕ್ ಪ್ರಿಂಟರ್, ಪಿಗ್ಮಿ ಏಜೆಂಟರ ಕೈಮಷಿನ್ ಎರಡರಲ್ಲೂ ಕನ್ನಡ ತೆಗೆದು ನೋಡಿ. ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಬಹುತೇಕಕ್ಕೆ ಕನ್ನಡ ಅಕ್ಷರ ಬರುವುದಿಲ್ಲ, ಚೀಟಿಯನ್ನು ಚಿತ್ರವಾಗಿ ಕಳಿಸಬೇಕು. ಅದನ್ನು ಮಾಡಲು ಬರುವುದೇ ಎಂದು ಕೇಳಿ.

ಸದಸ್ಯರಿಗೆ ತಮ್ಮ ಹೆಸರು ತಮ್ಮ ಲಿಪಿಯಲ್ಲಿ ಓದಿಕೊಳ್ಳುವ ಹಕ್ಕಿದೆ. ಇದನ್ನು ಆಗದ ಕೆಲಸ ಎನ್ನುವ ಕಂಪನಿಯೊಂದಿಗೆ ಸೌಹಾರ್ದ ನಡೆಸಬೇಡಿ.

ಪ್ರಶ್ನೆ: ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ನಮ್ಮದು. ಊರಲ್ಲೇ ನಾಲ್ಕು ಹುಡುಗರ ಕಂಪನಿ ಒಳ್ಳೆಯದೋ, ಬೆಂಗಳೂರಿನ ದೊಡ್ಡದೋ? ಬೆಂಗಳೂರಿನವರು ಶೇ 99 ಅಪ್‌ಟೈಮ್ (ಸೇವೆ ನಡೆಯುತ್ತಿರುವ ಸಮಯ) ಗ್ಯಾರಂಟಿ ಕೊಡುತ್ತಾರೆ. (ವಿಜಯಪುರ)

ಉತ್ತರ: ಶೇ 99 ಎಂದರೆ ತಿಂಗಳಿಗೆ 7 ಗಂಟೆ 12 ನಿಮಿಷ ಬಂದಾಗಿದ್ದರೂ ಅವರ ಮಾತು ಉಳಿಯುತ್ತದೆ. 99.5 ಆದರೆ 3 ಗಂಟೆ 36 ನಿಮಿಷ, 99.9 ಆದರೆ 43 ನಿಮಿಷ. ಮಾಲಿನ ಆವಕ ಜೋರಿರುವ ಮಾರ್ಚ್‌–ಏಪ್ರಿಲ್‌ನಲ್ಲಿ ಗಾಡಿಗಳು ಸಾಲು ನಿಂತಾಗ ಏಳು ಗಂಟೆ ಏನೆಂದು ನಿಮಗೇ ಗೊತ್ತು. ಒಪ್ಪಂದದಲ್ಲಿ ‘ರೆಸ್ಪಾನ್ಸ್’ ಮತ್ತು ‘ರೆಸಲ್ಯೂಶನ್’ ಬೇರೆ ಬೇರೆ ಬರೆದಿದೆಯೇ ನೋಡಿ. ಮೊದಲನೆಯದು ‘ದೂರು ಬಂತು’ ಎಂದು ಹೇಳುವ ಸಮಯ, ಎರಡನೆಯದು ಸರಿಮಾಡುವ ಸಮಯ. ನಿಮಗೆ ಬೇಕಾದ್ದು ಎರಡನೆಯದು.

ಬೆಂಗಳೂರು ವಿಜಯಪುರಕ್ಕೆ 500 ಕಿಲೋಮೀಟರಿಗೂ ಹೆಚ್ಚು. ಸಾಫ್ಟ್‌ವೇರ್ ಅಲ್ಲಿಂದ ನೋಡಬಹುದು, ಸುಟ್ಟ ಸ್ವಿಚ್ ಬದಲಿಸಲು ಬರುವುದಿಲ್ಲ. ಕೆಲಸ ಎರಡಾಗಿ ಹಂಚಿ: ಕಂಪ್ಯೂಟರ್, ನೆಟ್‌ವರ್ಕ್, ಯುಪಿಎಸ್, ಕ್ಯಾಮೆರಾ ಊರಿನವರಿಗೆ, ನಾಲ್ಕು ಗಂಟೆಯೊಳಗೆ ಬರುವ ಷರತ್ತಿನ ಮೇಲೆ. ಸಾಫ್ಟ್‌ವೇರ್ ಯಾರದು ನಿಮ್ಮ ಲಾಟ್ ಲೆಕ್ಕಕ್ಕೆ ಹೊಂದುತ್ತದೋ ಅವರಿಗೆ. ನಾಲ್ಕು ಜನರ ಕಂಪನಿಯಲ್ಲಿ ಇರುವ ಅಪಾಯ, ಎಲ್ಲ ಬಲ್ಲವನು ಒಬ್ಬನೇ ಆಗಿರುವುದು. ಅವನು ಕೆಲಸ ಬಿಟ್ಟರೆ ಏನೆಂದು ಕೇಳಿ. ಪಾಸ್‌ವರ್ಡ್, ನೆಟ್‌ವರ್ಕ್ ನಕ್ಷೆ ಮೂರು ತಿಂಗಳಿಗೊಮ್ಮೆ ಬರಹದಲ್ಲಿ ನಿಮಗೆ ಬರಬೇಕು.

ಇಂಟರ್‌ನೆಟ್‌ಗೆ ಒಂದು ಫೈಬರ್, ಇನ್ನೊಂದು 4ಜಿ ಅಥವಾ 5ಜಿ ಸಿಮ್, ಎರಡನ್ನೂ ತಾನಾಗಿ ಬದಲಿಸುವ ಡ್ಯುಯಲ್ ವ್ಯಾನ್ ರೌಟರ್. ಎರಡು ಫೈಬರ್ ಒಂದೇ ಕಂಬದ ಮೇಲೆ ಬಂದರೆ ಅದು ಎರಡಲ್ಲ, ಒಂದೇ. ಯುಪಿಎಸ್ ವಿಷಯವನ್ನು ನಮ್ಮ ಕಡೆ ಲಘುವಾಗಿ ಹಿಡಿಯುತ್ತಾರೆ. ಲೆಡ್ ಆ್ಯಸಿಡ್ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿ ಶಾಖಕ್ಕೆ ಹೇಳಿರುತ್ತಾರೆ, ಅದಕ್ಕಿಂತ ಪ್ರತಿ 10 ಡಿಗ್ರಿ ಏರಿದಾಗ ಸುಮಾರು ಅರ್ಧವಾಗುತ್ತದೆ. ಬೇಸಿಗೆಯಲ್ಲಿ 40 ದಾಟುವ ಊರಿನಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಬ್ಯಾಟರಿ ನಾಲ್ಕು ವರ್ಷ ಬರುವುದಿಲ್ಲ. ಎಎಂಸಿಯಲ್ಲಿ ಬ್ಯಾಟರಿ ಸೇರಿದೆಯೇ ಎಂದು ಕೇಳಿ, ಬಹುತೇಕ ಸೇರಿರುವುದಿಲ್ಲ. ನ್ಯೂಟ್ರಲ್ ಮತ್ತು ಅರ್ತ್ ನಡುವೆ 3 ವೋಲ್ಟಿಗಿಂತ ಹೆಚ್ಚು ಬಂದರೆ ಮೊದಲು ಅರ್ತಿಂಗ್ ಸರಿಮಾಡಿಸಿ, ಆಮೇಲೆ ಸರ್ವರ್ ಕೂರಿಸಿ.

ಪ್ರಶ್ನೆ: ಹಣ ಕೊಟ್ಟು ಬರೆಸಿದ ಆ್ಯಪ್ ನಮ್ಮದೇ ಅಲ್ಲವೇ? (ಗೋಕಾಕ)

ಉತ್ತರ: ಬರಹದಲ್ಲಿ ವರ್ಗಾಯಿಸದಿದ್ದರೆ ಸಾಮಾನ್ಯವಾಗಿ ಅಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ನಿಮ್ಮ ನೌಕರ ಬರೆದದ್ದು ನಿಮ್ಮದು. ಹೊರಗಿನ ಕಂಪನಿ ಬರೆದದ್ದು, ಸಹಿ ಹಾಕಿದ ವರ್ಗಾವಣೆ ಪತ್ರ ಇಲ್ಲದಿದ್ದರೆ, ಅವರದೇ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಎಂದು ಹಿಡಿಯಲಾಗುತ್ತದೆ. ‘ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಜಗತ್ತಿನಾದ್ಯಂತ’ ಎಂಬ ಮಾತು ಇರಲಿ. ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರಹ) ಪ್ರತಿ ತಿಂಗಳು ನಿಮ್ಮ ಖಾತೆಗೆ ಬರಲಿ. ಪ್ಲೇ ಸ್ಟೋರ್ ಡೆವಲಪರ್ ಖಾತೆಯೂ ನಿಮ್ಮದೇ ಇರಲಿ.

ಪ್ರಶ್ನೆ: ಡಯಾಗ್ನಾಸ್ಟಿಕ್ ಲ್ಯಾಬ್ ನಡೆಸುತ್ತೇವೆ. ‘ಬ್ಯಾಕಪ್ ಕ್ಲೌಡಿನಲ್ಲಿ ಹೋಗ್ತದೆ, ಚಿಂತೆ ಬೇಡ’ ಎಂದು ಐಟಿ ಕಂಪನಿ ಹೇಳುತ್ತದೆ. ಬೇರೆ ಏನಾದರೂ ನೋಡಬೇಕೇ? (ನವನಗರ, ಬಾಗಲಕೋಟೆ)

ಉತ್ತರ: ಮರಳಿ ತೆಗೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸಬೇಡಿ. ಒಂದು ಭಾನುವಾರ ಖಾಲಿ ಲ್ಯಾಪ್‌ಟಾಪ್ ಕೊಟ್ಟು, ‘ಸರ್ವರ್ ಸುಟ್ಟಿದೆ ಅಂದುಕೊಳ್ಳಿ, ಇದರ ಮೇಲೆ ಎಬ್ಬಿಸಿ’ ಎಂದು ಹೇಳಿ ಗಡಿಯಾರ ನೋಡಿ. ನಿನ್ನೆಯ ಒಂದು ರಿಪೋರ್ಟ್, ಕಳೆದ ವರ್ಷದ್ದೊಂದು, ಮೂರು ವರ್ಷ ಹಿಂದಿನದೊಂದು ತೆರೆದು ಮೂಲ ಕಾಗದದ ಜೊತೆ ತಾಳೆ ನೋಡಿ. ಡೇಟಾ 60 ಜಿಬಿ ಇದ್ದರೆ 50 ಎಂಬಿಪಿಎಸ್ ಲೈನಿನಲ್ಲಿ ಇಳಿಯಲೇ 2 ಗಂಟೆ 40 ನಿಮಿಷ ಬೇಕು, ಅದೂ ಲೈನ್ ಪೂರ್ತಿ ಓಡಿದರೆ. ಅಷ್ಟು ಹೊತ್ತು ರೋಗಿಗಳನ್ನು ಕೂರಿಸಲು ಆಗದಿದ್ದರೆ ಕಟ್ಟಡದಲ್ಲೇ ಇನ್ನೊಂದು ಪ್ರತಿ ಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಊರ ಹೊರಗೆ. ಸರ್ವರಿಗೆ ಸದಾ ಚುಚ್ಚಿಟ್ಟ ಹಾರ್ಡ್ ಡಿಸ್ಕ್ ಲೆಕ್ಕಕ್ಕಿಲ್ಲ. ರ‍್ಯಾನ್ಸಮ್‌ವೇರ್ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಮ್ ಬಂದರೆ ಸರ್ವರಿನ ಜೊತೆ ಅದನ್ನೂ ಲಾಕ್ ಮಾಡುತ್ತದೆ. ಒಂದೇ ಡೇಟಾವನ್ನು ಎರಡು ಡಿಸ್ಕಿನಲ್ಲಿ ಇಡುವ ರೇಡ್ ಕೂಡ ಬ್ಯಾಕಪ್ ಅಲ್ಲ, ಅಳಿಸಿದ ಫೈಲನ್ನು ಅದು ಎರಡೂ ಡಿಸ್ಕಿನಲ್ಲಿ ಅಳಿಸುತ್ತದೆ.

ಕಂಪನಿಯವರು ದೂರದಿಂದ ನಿಮ್ಮ ಸರ್ವರಿಗೆ ಹೇಗೆ ಬರುತ್ತಾರೆಂದು ಕೇಳಿ. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ನೇರ ಇಂಟರ್‌ನೆಟ್ಟಿಗೆ ತೆರೆದಿದ್ದರೆ ಇವತ್ತೇ ಮುಚ್ಚಿಸಿ, ವಿಪಿಎನ್ (ಗುಪ್ತ ಸಂಪರ್ಕ) ಮೂಲಕ ಬರಲಿ. ಎಲ್ಲ ಗಿರಾಕಿಗಳಿಗೂ ಒಂದೇ ರಿಮೋಟ್ ಪಾಸ್‌ವರ್ಡ್ ಇಟ್ಟಿರುವ ಕಂಪನಿಗಳಿವೆ, ಒಂದು ಕಡೆ ಸೋರಿದರೆ ಎಲ್ಲರ ಬಾಗಿಲೂ ತೆರೆಯುತ್ತದೆ. 2024ರ ಜುಲೈ ಕೊನೆಗೆ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತದ್ದು, ಅವುಗಳಿಗೆ ತಂತ್ರಜ್ಞಾನ ಒದಗಿಸುವ ಒಂದೇ ಕಂಪನಿಗೆ ರ‍್ಯಾನ್ಸಮ್‌ವೇರ್ ಹೊಡೆದದ್ದರಿಂದ. ರೋಗಿಗಳ ಮಾಹಿತಿ ಸೋರಿದರೆ ‘ಐಟಿ ಕಂಪನಿಯ ತಪ್ಪು’ ಎಂದು ನೀವು ಕೈತೊಳೆಯಲು ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹೊಣೆಯನ್ನು ಲ್ಯಾಬಿನ ಮೇಲೇ ಇಡುತ್ತದೆ, ದಂಡದ ಗರಿಷ್ಠ ಮಿತಿ 250 ಕೋಟಿ. ಬರಹದ ಒಪ್ಪಂದ ಇಲ್ಲದೆ ಡೇಟಾ ಮುಟ್ಟಲು ಬಿಡಬೇಡಿ.

ಒಂದು ದಿನ ಪರದೆಯ ಮೇಲೆ ಹಣ ಕೇಳುವ ಸಂದೇಶ ಬಂದೇಬಿಟ್ಟರೆ: ಮೊದಲು ಲ್ಯಾನ್ ಕೇಬಲ್ ಕೀಳಿ, ವೈಫೈ ನಿಲ್ಲಿಸಿ. ಯಂತ್ರ ಆರಿಸಬೇಡಿ, ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ಪರದೆಯ ಫೋಟೊ ತೆಗೆಯಿರಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್, ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೆ ದೂರು, ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ. ಇದನ್ನು ನಿಮ್ಮ ಪರವಾಗಿ ಯಾರು ಕಳಿಸುತ್ತಾರೆಂಬುದು ಒಪ್ಪಂದದಲ್ಲೇ ಇರಲಿ. ಇದೆಲ್ಲ ಆಗುವವರೆಗೆ, ಎಷ್ಟೇ ಅವಸರಪಡಿಸಿದರೂ, ಯಾರಿಗೂ ಆ ಯಂತ್ರವನ್ನು ಫಾರ್ಮ್ಯಾಟ್ ಮಾಡಲು ಬಿಡಬೇಡಿ.